ಬೆಳಗಿನ ಫೆರಿ, ಹಿಂದಿನ ರಾತ್ರಿಯ ತಂಗುದಾಣ

ಈ ಸಲ ಆರಿಸಿಕೊಂಡ ಪ್ರಶ್ನೆಗಳೆಲ್ಲ ಬ್ರಿಟನ್ನಿನಲ್ಲಿ ನೆಲೆಸಿರುವ, ಇಲ್ಲವೇ ಅಲ್ಲಿರುವ ಮಕ್ಕಳ ಮನೆಗೆ ಹೊರಟಿರುವ ಓದುಗರದು. ವಿಷಯ ಒಂದೇ: ಕಾರಿನ ಹಿಂದೆ ಕ್ಯಾರವಾನ್ (ಚಕ್ರದ ಮೇಲಿನ ಪುಟ್ಟ ಮನೆ) ಎಳೆದುಕೊಂಡು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಗೆ ಹೋಗಿ, ಅಲ್ಲಿಂದ ದ್ವೀಪಕ್ಕೆ ಫೆರಿ ಹಿಡಿಯುವುದು.

ಪ್ರಶ್ನೆ: ಲೀಡ್ಸ್‌ನಿಂದ ಹೊರಟು ಮಲ್ ದ್ವೀಪಕ್ಕೆ ಹೋಗಬೇಕು. ಓಬನ್‌ನಿಂದ ಬೆಳಗ್ಗೆ ಒಂಬತ್ತೂವರೆ ಹೊತ್ತಿನ ಫೆರಿಗೆ ಟಿಕೆಟ್ ಸಿಕ್ಕಿದೆ. ಹಿಂದಿನ ರಾತ್ರಿ ಲಾಕ್ ಲೋಮಂಡ್ ಸರೋವರದ ದಡದಲ್ಲಿ ಉಳಿಯೋಣ ಅಂತ ಮನೆಯವರ ಆಸೆ. ಸರಿಯೇ? – ಓದುಗರು, ಲೀಡ್ಸ್

ಉತ್ತರ: ಲಾಕ್ ಲೋಮಂಡ್ ಚೆಂದ, ಆದರೆ ನಿಮ್ಮ ಕೆಲಸಕ್ಕೆ ಅದು ತಪ್ಪು ಜಾಗ. ಫೆರಿಗೆ ಮುಂಚಿನ ರಾತ್ರಿಯನ್ನು ಪ್ರವಾಸದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ಆ ರಾತ್ರಿಗೆ ಬೇಕಾದ್ದು ಬಂದರಿಗೆ ಹತ್ತಿರವಿರುವ, ಸಮತಟ್ಟಾದ, ಬೆಳಗ್ಗೆ ಸಲೀಸಾಗಿ ಹೊರಬರಲಾಗುವ ಜಾಗ. ದಡದ ನೋಟವನ್ನು ವಾಪಸ್ ಬರುವಾಗ ನೋಡಿದರಾಯಿತು.

ಕಾರಣ ರಸ್ತೆಯಲ್ಲಿದೆ. ಓಬನ್‌ಗೆ ಪೂರ್ವದಿಂದ ಹೋಗುವ ಮುಖ್ಯ ರಸ್ತೆ ಎ 85 ಒಂದೇ. ಟಿಂಡ್ರಮ್ ಊರಿನಿಂದ ಸುಮಾರು 36 ಮೈಲಿ. ಡಾಲ್ಮಲಿ ದಾಟಿದ ಮೇಲೆ ಬರುವ ಪಾಸ್ ಆಫ್ ಬ್ರ್ಯಾಂಡರ್ ಎಂಬ ಇಕ್ಕಟ್ಟಿನ ಕಣಿವೆಯಲ್ಲಿ ಒಂದು ಲಾರಿ ಅಡ್ಡವಾದರೆ ಸುತ್ತುದಾರಿ ಅಂದರೆ ಎ 819ರಲ್ಲಿ ಇನ್ವರೇರಿಗೆ ಇಳಿದು, ಎ 83ರಲ್ಲಿ ಲಾಕ್‌ಗಿಲ್ಪ್‌ಹೆಡ್‌ಗೆ ಬಂದು, ಅಲ್ಲಿಂದ ಎ 816ರ ತಿರುವುಗಳಲ್ಲಿ ಓಬನ್‌ಗೆ ಏರಬೇಕು. 70 ಮೈಲಿಗೂ ಹೆಚ್ಚು, ಅದೂ ಕ್ಯಾರವಾನ್ ಎಳೆದುಕೊಂಡು. ಬೆಳಗ್ಗೆ ಏಳಕ್ಕೆ ಆ ಸುದ್ದಿ ಗೊತ್ತಾದರೆ ಒಂಬತ್ತೂವರೆಯ ಹಡಗು ಕೈತಪ್ಪಿದಂತೆಯೇ. ಆದ್ದರಿಂದ ಕಣಿವೆಯನ್ನು ಹಿಂದಿನ ದಿನವೇ ದಾಟಿಬಿಡಿ.

ಉಳಿಯಲು ಎರಡು ಕಡೆ ನೋಡಿ. ಒಂದು, ಕಾನೆಲ್ ಸೇತುವೆ ದಾಟಿ ಉತ್ತರಕ್ಕೆ ಬೆಂಡರ್‌ಲಾಕ್ ಕಡೆಯ ಕ್ಯಾಂಪ್‌ಸೈಟುಗಳು. ಬಂದರಿಗೆ ಏಳೆಂಟು ಮೈಲಿ. ಇನ್ನೊಂದು, ಓಬನ್ ಪಟ್ಟಣದ ದಕ್ಷಿಣಕ್ಕೆ ಗ್ಯಾಲನಾಕ್ ರಸ್ತೆಯ ಕಡೆ. ದೂರ ಕಡಿಮೆ, ಆದರೆ ರಸ್ತೆ ಕಿರಿದು, ಎದುರಿಗೆ ಇನ್ನೊಂದು ಕ್ಯಾರವಾನ್ ಬಂದರೆ ಹಿಂದಕ್ಕೆ ಸರಿಯಬೇಕಾಗುತ್ತದೆ. ಎಳೆಯುವುದು ಹೊಸದಾಗಿದ್ದರೆ ಬೆಂಡರ್‌ಲಾಕ್ ಕಡೆಯೇ ವಾಸಿ. ಕಾನೆಲ್ ಸೇತುವೆ ಮೊದಲು ರೈಲಿನದಾಗಿತ್ತು. ಅದರ ಮೇಲೆ ಒಂದೇ ಸಾಲು, ಸಿಗ್ನಲ್‌ಗೆ ಕಾಯಬೇಕು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಲೆಕ್ಕ ಹಿಂದಿನಿಂದ ಹಾಕಿ. ಹಡಗು 9.30ಕ್ಕೆ. ವಾಹನಗಳ ಚೆಕ್-ಇನ್ ಮುಗಿಯುವ ಸಮಯ ಟಿಕೆಟ್‌ನಲ್ಲೇ ಇರುತ್ತದೆ. ಅರ್ಧ ಗಂಟೆ ಮುಂಚೆ ಅಂತಿಟ್ಟುಕೊಂಡರೆ 9.00. ಸಾಲಿನಲ್ಲಿ 8.40ಕ್ಕೆ ಇರಬೇಕು. ಬೇಸಿಗೆಯಲ್ಲಿ ಓಬನ್‌ನ ಜಾರ್ಜ್ ಸ್ಟ್ರೀಟ್ ಕಿಕ್ಕಿರಿದಿರುತ್ತದೆ, ಬಂದರಿನ ಕಟ್ಟೆ ರೈಲು ನಿಲ್ದಾಣದ ಪಕ್ಕದಲ್ಲಿ ಪಟ್ಟಣದ ನಡುಮಧ್ಯದಲ್ಲಿದೆ. ಹಾಗಾಗಿ ಕ್ಯಾಂಪ್‌ಸೈಟಿನಿಂದ 8.00ಕ್ಕೆ ಚಕ್ರ ಉರುಳಬೇಕು. ಜೋಡಣೆ, ಕರೆಂಟ್ ಕೇಬಲ್, ಒಳಗಿನ ಸಾಮಾನು ಭದ್ರ ಮಾಡುವುದು ಎಲ್ಲಕ್ಕೂ ಮುಕ್ಕಾಲು ಗಂಟೆ. ಅಂದರೆ ಆರೂವರೆಗೆ ಎದ್ದರೆ ಕಾಫಿಗೂ ಸಮಯ ಉಂಟು.

ಲೀಡ್ಸ್‌ನಿಂದ ಹಗಲಿಡೀ ಪ್ರಯಾಣ. ಸ್ಕಾಚ್ ಕಾರ್ನರ್‌ನಲ್ಲಿ ಎ 66 ಹಿಡಿಯುವುದಾದರೆ ಸ್ಟೇನ್‌ಮೋರ್ ಬೆಟ್ಟದ ಮೇಲೆ ಅಡ್ಡಗಾಳಿ ಜೋರು. ಗಾಳಿ ಹೆಚ್ಚಾದಾಗ ಎತ್ತರದ ವಾಹನಗಳಿಗೆ ರಸ್ತೆ ಮುಚ್ಚುವುದುಂಟು, ಹೊರಡುವ ಮುಂಚೆ ವಿಚಾರಿಸಿ. ಎಳೆಯುವಾಗ ಮೋಟರ್‌ವೇಯಲ್ಲಿ ಗಂಟೆಗೆ 60 ಮೈಲಿ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ 50 ಮೈಲಿ ಮಿತಿ. ಮೂರು ಸಾಲಿನ ಮೋಟರ್‌ವೇಯಲ್ಲಿ ಬಲತುದಿಯ ಸಾಲಿಗೆ ಹೋಗುವಂತಿಲ್ಲ. ಗ್ಲಾಸ್ಗೋ ಸಮೀಪ ಬಂದ ಮೇಲೆ ಸ್ಯಾಟ್‌ನ್ಯಾವ್ ನಿಮ್ಮನ್ನು ಎ 82ಕ್ಕೆ, ಅಂದರೆ ಲಾಕ್ ಲೋಮಂಡ್ ದಡಕ್ಕೆ ಎಳೆಯುತ್ತದೆ. ಟಾರ್ಬೆಟ್‌ನಿಂದ ಇನ್ವರಾರ್ನನ್‌ವರೆಗೆ ಆ ರಸ್ತೆ ಬಂಡೆ ಒಂದು ಕಡೆ, ಕಲ್ಲುಗೋಡೆ ಇನ್ನೊಂದು ಕಡೆ; ಎದುರಿನಿಂದ ಬಸ್ಸು ಬಂದರೆ ಕನ್ನಡಿ ಉಳಿಸಿಕೊಳ್ಳುವುದೇ ಸಾಹಸ. ಎಂ 80, ಎಂ 9 ಹಿಡಿದು ಸ್ಟರ್ಲಿಂಗ್‌ಗೆ ಬಂದು, ಎ 84ರಲ್ಲಿ ಕ್ಯಾಲಂಡರ್, ಲಾಕ್‌ಅರ್ನ್‌ಹೆಡ್ ಮೂಲಕ ಕ್ರಿಯನ್‌ಲಾರಿಕ್‌ಗೆ ಸೇರಿ. ಸ್ವಲ್ಪ ಸುತ್ತು, ಆದರೆ ಬೆವರು ಕಡಿಮೆ.

ಪ್ರಶ್ನೆ: ಒಂದು ರಾತ್ರಿಗೆ ಕ್ಯಾಂಪ್‌ಸೈಟಿಗೆ ಯಾಕೆ ದುಡ್ಡು ಕೊಡಬೇಕು? ಸ್ಕಾಟ್ಲೆಂಡಿನಲ್ಲಿ ಎಲ್ಲಿ ಬೇಕಾದರೂ ಬಿಡಾರ ಹೂಡಬಹುದಂತಲ್ಲ. ರಸ್ತೆ ಬದಿಯ ಲೇ-ಬೈಯಲ್ಲಿ (ಗಾಡಿ ನಿಲ್ಲಿಸುವ ಜಾಗದಲ್ಲಿ) ಅಥವಾ ಫೆರಿಯ ಸಾಲಿನಲ್ಲೇ ಮಲಗಿದರೆ? – ಓದುಗರು, ಸ್ಲೌ

ಉತ್ತರ: ಆ ಹಕ್ಕು ಕಾಲ್ನಡಿಗೆಯವರಿಗೆ, ಸೈಕಲ್‌ನವರಿಗೆ. 2003ರ ಸ್ಕಾಟ್ಲೆಂಡ್ ಭೂಸುಧಾರಣಾ ಕಾಯ್ದೆ ಕೊಡುವ ಪ್ರವೇಶದ ಹಕ್ಕು ಮೋಟಾರು ವಾಹನಗಳಿಗೆ ಅನ್ವಯಿಸುವುದಿಲ್ಲ. ಹುಲ್ಲುಗಾವಲಿಗೋ ಸಮುದ್ರದ ದಡಕ್ಕೋ ಕ್ಯಾರವಾನ್ ನುಗ್ಗಿಸಲು ಜಾಗದ ಒಡೆಯರ ಒಪ್ಪಿಗೆ ಬೇಕು. ಲಾಕ್ ಲೋಮಂಡ್ ರಾಷ್ಟ್ರೀಯ ಉದ್ಯಾನದ ಕೆಲವು ವಲಯಗಳಲ್ಲಂತೂ ಮಾರ್ಚ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಬಿಡಾರಕ್ಕೆ ಪ್ರತ್ಯೇಕ ನಿಯಮಗಳೇ ಇವೆ.

ಲೇ-ಬೈಯಲ್ಲಿ ದಣಿವಾರಿಸಿಕೊಳ್ಳುವುದು ಬೇರೆ, ಮೇಜು ಕುರ್ಚಿ ಹಾಕಿ ಸಂಸಾರ ಹೂಡುವುದು ಬೇರೆ. ಲಾರಿಗಳು ರಾತ್ರಿಯಿಡೀ ಒಂದು ಮಾರು ದೂರದಲ್ಲಿ ಹಾದುಹೋಗುತ್ತವೆ, ಪ್ರತಿಯೊಂದಕ್ಕೂ ಕ್ಯಾರವಾನ್ ಅಲುಗುತ್ತದೆ, ಬೆಳಗ್ಗೆ ಓಡಿಸುವವರ ಕಣ್ಣು ಕೆಂಪು. ಓಬನ್‌ನ ಫೆರಿ ಸಾಲು ವಾಹನಗಳನ್ನು ವಿಂಗಡಿಸಿ ನಿಲ್ಲಿಸುವ ಜಾಗ, ರಾತ್ರಿ ಮಲಗುವ ಜಾಗವಲ್ಲ.

ಪ್ರಶ್ನೆ: ಆರು ತಿಂಗಳ ಹಿಂದೆ ಬುಕ್ ಮಾಡುವಾಗ ಕ್ಯಾರವಾನ್ ಉದ್ದ 5.7 ಮೀಟರ್ ಅಂತ ಕೊಟ್ಟಿದ್ದೆ. ಈಗ ಅನುಮಾನ ಶುರುವಾಗಿದೆ. – ಓದುಗರು, ರೆಡಿಂಗ್

ಉತ್ತರ: ಅನುಮಾನ ಸರಿಯಾಗಿದೆ. ಕಂಪನಿಯ ಪುಸ್ತಿಕೆಯಲ್ಲಿ ಎರಡು ಅಳತೆ ಇರುತ್ತವೆ. ಒಂದು ಒಳಗಿನ ಉದ್ದ, ಇನ್ನೊಂದು ಮೂತಿಯ ಕಬ್ಬಿಣದ ಚೌಕಟ್ಟೂ ಸೇರಿದ ಪೂರ್ಣ ಉದ್ದ. 5.7 ಒಳಗಿನದ್ದಾದರೆ ಪೂರ್ಣ ಉದ್ದ 7.3 ಮೀಟರ್ ಆಸುಪಾಸು ಇರುತ್ತದೆ. ಫೆರಿಗೆ ಬೇಕಾದ್ದು ಅದು, ಜೊತೆಗೆ ಕಾರಿನ ಉದ್ದ, ಹಿಂದೆ ಸೈಕಲ್ ಸ್ಟ್ಯಾಂಡ್ ಇದ್ದರೆ ಅದೂ. ಜೋಡಿಸಿ ನಿಲ್ಲಿಸಿ, ಕಾರಿನ ಮುಂದಿನ ಬಂಪರ್‌ನಿಂದ ಕ್ಯಾರವಾನ್‌ನ ಕಟ್ಟಕಡೆಯ ತುದಿವರೆಗೆ ಟೇಪ್ ಹಿಡಿಯಿರಿ. ಸಾಧಾರಣ ಜೋಡಿ 12 ಮೀಟರ್ ಆಗುತ್ತದೆ.

ಇಂದೇ ಫೆರಿ ಕಂಪನಿ ಕ್ಯಾಲ್‌ಮ್ಯಾಕ್‌ಗೆ ಫೋನ್ ಮಾಡಿ ತಿದ್ದಿಸಿ. ಡೆಕ್ಕಿನ ಜಾಗವನ್ನು ಮೀಟರ್ ಲೆಕ್ಕದಲ್ಲಿ ಮಾರಿರುತ್ತಾರೆ. ಒಂದೂವರೆ ಮೀಟರ್ ಹೆಚ್ಚಾದರೆ, ಜಾಗ ಇದ್ದಾಗ ವ್ಯತ್ಯಾಸದ ಹಣ ಕೊಟ್ಟು ಹೋಗಬಹುದು. ತುಂಬಿದ ಹಡಗಿನಲ್ಲಿ ದಡದಲ್ಲೇ ಉಳಿಯಬೇಕಾಗುತ್ತದೆ. ದ್ವೀಪಗಳಿಗೆ ಕಾರಿನ ದರವನ್ನು ರಸ್ತೆ ಪ್ರಯಾಣದ ಖರ್ಚಿಗೆ ಸಮನಾಗಿ ಇಳಿಸಿದ ಯೋಜನೆ 2008ರಲ್ಲಿ ಶುರುವಾಗಿ 2015ರ ಹೊತ್ತಿಗೆ ಕ್ಯಾಲ್‌ಮ್ಯಾಕ್ ಜಾಲದ ಎಲ್ಲ ಮಾರ್ಗಗಳಿಗೂ ಬಂತು. ಅಂದಿನಿಂದ ಬೇಸಿಗೆಯಲ್ಲಿ ಜಾಗಕ್ಕೆ ನೂಕುನುಗ್ಗಲು, ಉದ್ದದ ವಾಹನಗಳಿಗೆ ಇನ್ನೂ ಕಷ್ಟ.

ಪ್ರಶ್ನೆ: ಬೆಳಗ್ಗೆ ಬಹಳ ಬೇಗನೆಯ ಹಡಗು. ಕ್ಯಾಂಪ್‌ಸೈಟಿನಲ್ಲಿ ಏಳು ಗಂಟೆವರೆಗೆ ಸದ್ದು ಮಾಡುವಂತಿಲ್ಲ, ಗೇಟೂ ತೆಗೆಯುವುದಿಲ್ಲ ಎನ್ನುತ್ತಾರೆ. – ಓದುಗರು, ಎಡಿನ್‌ಬರೊ

ಉತ್ತರ: ಬುಕ್ ಮಾಡುವಾಗಲೇ "ಬೆಳಗಿನ ಫೆರಿಗೆ ಹೋಗಬೇಕು" ಎಂದು ಹೇಳಿ ಮೂರು ವಿಷಯ ಕೇಳಿ: ಗೇಟಿನ ಹತ್ತಿರದ ಜಾಗ ಕೊಡುತ್ತೀರಾ, ಅದು ಜಲ್ಲಿ ಹಾಸಿದ ಗಟ್ಟಿ ನೆಲವೇ, ಕಾರು ಕಳಚದೆ ಜೋಡಿಸಿಕೊಂಡೇ ನಿಲ್ಲುವಷ್ಟು ಉದ್ದವಿದೆಯೇ. ಬಂದರಿನ ಸುತ್ತಮುತ್ತಲ ಕ್ಯಾಂಪ್‌ಸೈಟಿನವರಿಗೆ ಇದು ದಿನಬೆಳಗಾದರೆ ಇರುವ ಪ್ರಶ್ನೆ. ಕೆಲವರು ಗೇಟಿನ ಹೊರಗೇ ಪ್ರತ್ಯೇಕ ಜಾಗ ಇಟ್ಟಿರುತ್ತಾರೆ.

ಹುಲ್ಲಿನ ನೆಲ ಬೇಡವೇ ಬೇಡ. ರಾತ್ರಿ ಮಳೆ ಬಂದರೆ ಮುಂದಿನ ಚಕ್ರದಿಂದ ಓಡುವ ಕಾರು ಒದ್ದೆ ಹುಲ್ಲಿನ ಮೇಲೆ ಒಂದೂಕಾಲು ಟನ್ ಎಳೆಯಲಾರದೆ ಅಲ್ಲೇ ಗಿರಗಿರ ತಿರುಗುತ್ತದೆ.

ಕೆಲಸವೆಲ್ಲ ಸಂಜೆಯೇ ಮುಗಿಯಲಿ. ಕಕ್ಕಸಿನ ಕ್ಯಾಸೆಟ್ (ಕೆಳಗಿನ ತೊಟ್ಟಿ) ಖಾಲಿ ಮಾಡಿ ಬನ್ನಿ, ಬಳಸಿದ ನೀರಿನ ಡಬ್ಬ ಚೆಲ್ಲಿಬಿಡಿ. 40 ಲೀಟರಿನ ಉರುಳು ಪೀಪಾಯಿ ತುಂಬಿಸುವ ಗೋಜು ಬೇಡ, ಹತ್ತು ಲೀಟರಿನ ಕ್ಯಾನ್ ಒಂದು ರಾತ್ರಿಗೆ ಧಾರಾಳ. ಟೈರಿನ ಗಾಳಿ ನೋಡಿ. ಹಿಂದಿನ ದೀಪ, ಇಂಡಿಕೇಟರ್ ಒಬ್ಬರು ಒಳಗೆ ಕೂತು, ಒಬ್ಬರು ಹಿಂದೆ ನಿಂತು ಪರೀಕ್ಷಿಸಿ. ಕಾರಿನಿಂದ ಕ್ಯಾರವಾನಿಗೆ ಕರೆಂಟ್ ಕೊಡುವ 13 ಪಿನ್ನಿನ ಪ್ಲಗ್ ಪೂರ್ತಿ ತಿರುಗಿಸಿ ಕೂರಿಸದಿದ್ದರೆ ದೀಪ ಒಮ್ಮೆ ಹತ್ತಿ ಒಮ್ಮೆ ಆರುತ್ತದೆ. ಬೆಳಗ್ಗೆಗೆ ಉಳಿಯಬೇಕಾದ್ದು ಕೇಬಲ್ ತೆಗೆಯುವುದು, ನಾಲ್ಕು ಮೂಲೆಯ ಆಧಾರಗಳನ್ನು ಕೈಯಿಂದ ಎತ್ತುವುದು, ಕಿಟಕಿ ಚಿಲಕ, ಹೊರಡುವುದು. ಆಧಾರ ಎತ್ತಲು ಡ್ರಿಲ್ ಬಳಸುವ ಚಾಳಿ ಇದ್ದರೆ ಅವತ್ತು ಬಿಡಿ. ಐದೂವರೆಗೆ ಆ ಸದ್ದಿಗೆ ಇಡೀ ಸಾಲು ಎದ್ದು ಕೂರುತ್ತದೆ.

ಪ್ರಶ್ನೆ: ಮಗಳ ಮನೆಗೆ ಹೋಗುತ್ತಿದ್ದೇವೆ. ಕ್ಯಾರವಾನಿನಲ್ಲಿ ಅಡುಗೆಗೆ ನಮ್ಮ ಮಿಕ್ಸಿ, ಇಂಡಕ್ಷನ್ ಒಲೆ ನಡೆಯುತ್ತವೆಯೇ? ಅಳಿಯಂದಿರು "ಟ್ರಿಪ್ ಆಗುತ್ತೆ, ಬೇಡ ಅತ್ತೆ" ಎನ್ನುತ್ತಿದ್ದಾರೆ. – ಓದುಗರು, ಮೈಸೂರು

ಉತ್ತರ: ವೋಲ್ಟೇಜ್ ಒಂದೇ, 230, ಆವರ್ತನವೂ ನಮ್ಮದೇ 50. ಪಿನ್ ಮಾತ್ರ ಬೇರೆ, ಅರ್ತ್ ಇರುವ ಒಳ್ಳೆಯ ಅಡಾಪ್ಟರ್ ಬೇಕು. ಸಮಸ್ಯೆ ಇರುವುದು ಕ್ಯಾಂಪ್‌ಸೈಟಿನ ಕರೆಂಟ್ ಕಂಬದಿಂದ ಬರುವ ಆಂಪಿಯರ್‌ನಲ್ಲಿ. ಕೆಲವು ಕಡೆ 16 ಆಂಪಿಯರ್, ಅಂದರೆ ಸುಮಾರು 3,680 ವ್ಯಾಟ್. ಕೆಲವು ಕಡೆ 10 ಮಾತ್ರ, ಅಂದರೆ 2,300 ವ್ಯಾಟ್. ಕೋಣೆಯ ಹೀಟರ್ ಸಾವಿರಕ್ಕಿಟ್ಟರೆ ಸಾವಿರ, ನೀರು ಕಾಯಿಸುವ ಗೀಸರ್ 850, ಫ್ರಿಜ್ ನೂರಿಪ್ಪತ್ತೋ ನೂರೈವತ್ತೋ. ಅಲ್ಲಿಗೇ ಎರಡು ಸಾವಿರ ಆಯಿತು. 10 ಆಂಪಿಯರ್ ಇರುವ ಕಡೆ ಅದರ ಮೇಲೆ 750 ವ್ಯಾಟಿನ ಮಿಕ್ಸಿ ಹಾಕಿದರೂ ಫಟ್ ಎಂದು ಹೋಗುತ್ತದೆ, ಇಂಡಕ್ಷನ್ ಮಾತೇ ಬೇಡ. ಕಂಬದ ಸ್ವಿಚ್ಚು ಪೆಟ್ಟಿಗೆಯೊಳಗೆ ಬೀಗ ಹಾಕಿದ್ದರೆ ಉಸ್ತುವಾರಿಯವರನ್ನು ಎಬ್ಬಿಸಬೇಕು.

ಹೀಟರ್, ಗೀಸರ್ ಆರಿಸಿ ಮಿಕ್ಸಿ ತಿರುಗಿಸಿ, ಆಮೇಲೆ ಮತ್ತೆ ಹಚ್ಚಿ. ಒಲೆಗೆ ಕ್ಯಾರವಾನಿನ ಗ್ಯಾಸೇ ಇರಲಿ. ಸಿಲಿಂಡರ್ ನೀಲಿ ಬಣ್ಣದ ಬ್ಯೂಟೇನ್ ಆದರೆ ಚಳಿ ಸೊನ್ನೆ ಡಿಗ್ರಿ ಹತ್ತಿರ ಬಂದಾಗ ಅದು ಆವಿಯಾಗುವುದೇ ನಿಲ್ಲುತ್ತದೆ, ಉರಿ ಸಣ್ಣಗಾಗಿ ಆರುತ್ತದೆ. ಏಪ್ರಿಲ್‌ನಲ್ಲೂ ಅಕ್ಟೋಬರ್‌ನಲ್ಲೂ ಹೋಗುವವರು ಕೆಂಪು ಬಣ್ಣದ ಪ್ರೋಪೇನ್ ಇಟ್ಟುಕೊಳ್ಳಬೇಕು, ಅದು ಮೈನಸ್ 42ರವರೆಗೂ ಆವಿಯಾಗುತ್ತದೆ.

ಒಗ್ಗರಣೆಗೆ ಮುಂಚೆ ಮೇಲಿನ ಕಿಟಕಿ ತೆಗೆಯಿರಿ. ಒಣಮೆಣಸಿನಕಾಯಿ ಘಾಟಿಗೆ ಹೊಗೆ ಅಲಾರಂ ಕಿರುಚುತ್ತದೆ, ಸಿಟ್ಟಿಗೆ ಯಾರೂ ಅದರ ಬ್ಯಾಟರಿ ಕಿತ್ತಿಡಬಾರದು. ನೆಲದಲ್ಲಿರುವ ಸಣ್ಣ ಜಾಲರಿ ತೂತುಗಳು ಚಳಿ ಗಾಳಿಗೆ ಅಂತ ಚಾಪೆ ಹಾಸಿ ಮುಚ್ಚಬೇಡಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಹೊರಹೋಗುವ ದಾರಿ ಅದೇ.

ನಮ್ಮನ್ನು ಕೇಳಿದರೆ, ಫೆರಿಯ ಹಿಂದಿನ ರಾತ್ರಿ ಒಲೆಯನ್ನೇ ಹಚ್ಚಬೇಡಿ. ಮನೆಯಿಂದ ಪುಳಿಯೋಗರೆ, ಚಪಾತಿ ಕಟ್ಟಿಕೊಂಡು ಹೊರಡಿ. ಪಾತ್ರೆ ತೊಳೆಯುವುದು ತಪ್ಪಿತು, ಬೆಳಗ್ಗೆ ಮುಕ್ಕಾಲು ಗಂಟೆ ಉಳಿಯಿತು. ಅಳಿಯಂದಿರೂ ನಿರಾಳ.

ಪ್ರಶ್ನೆ: ಹಡಗಿನ ಇಳಿಜಾರು ಹಲಗೆ ಹತ್ತುವಾಗ ಮುಂದಿನ ಚಿಕ್ಕ ಚಕ್ರ ನೆಲಕ್ಕೆ ಉಜ್ಜಿ ಬಾಗಿತು. ವೇಗ ಇರಲಿಲ್ಲ. ಯಾಕೆ ಹೀಗಾಯಿತು? – ಓದುಗರು, ಅಬರ್ಡೀನ್

ಉತ್ತರ: ವೇಗದ ತಪ್ಪಲ್ಲ, ಕೋನದ ತಪ್ಪು. ಸಮತಟ್ಟು ಕಟ್ಟೆಯಿಂದ ಕಾರಿನ ಮುಂದಿನ ಚಕ್ರ ಏರು ಹಲಗೆಗೆ ಹತ್ತಿದ ಕೂಡಲೇ ಕಾರಿನ ಮೂತಿ ಮೇಲೇಳುತ್ತದೆ. ಹಿಂದಿನ ಚಕ್ರದ ಆಚೆ ಚಾಚಿಕೊಂಡಿರುವ ಎಳೆಗುಂಡು (ಕ್ಯಾರವಾನ್ ಸಿಕ್ಕಿಸುವ ಗುಂಡು) ಅಷ್ಟೇ ಕೆಳಗಿಳಿಯುತ್ತದೆ. ಕ್ಯಾರವಾನಿನ ಮೂತಿಯೂ ಅದರ ಜೊತೆ ಇಳಿಯುತ್ತದೆ. ಅಲ್ಲಿ ಎಲ್ಲಕ್ಕಿಂತ ಕೆಳಗೆ ನೇತಾಡುವುದು ನಿಮ್ಮ ಆ ಚಿಕ್ಕ ಚಕ್ರ, ಅಂದರೆ ಜಾಕಿ ಚಕ್ರ. ಅದು ದಾಟಿತು ಅಂದುಕೊಳ್ಳುವಷ್ಟರಲ್ಲಿ ಕ್ಯಾರವಾನಿನ ಚಕ್ರ ಏರು ಹತ್ತುತ್ತದೆ, ಈಗ ಅದರ ಬಾಲ ಕೆಳಗೆ. ಹಿಂದಿನ ಮೂಲೆಯ ಆಧಾರ ಪೂರ್ತಿ ಮಡಚದಿದ್ದರೆ ಅದೂ ಉಜ್ಜುತ್ತದೆ.

ಜಾಕಿ ಚಕ್ರವನ್ನು ತಿರುಗಿಸಿ ಎತ್ತುವಾಗ ಕೊನೆಯಲ್ಲಿ ಚಕ್ರದ ಕವಲು ಕೊಳವೆಯ ಬಾಯಲ್ಲಿರುವ ಕಚ್ಚಿಗೆ ಕೂರಬೇಕು. ಕೂರದಿದ್ದರೆ ದಾರಿಯ ಕುಲುಕಾಟಕ್ಕೆ ಅದು ತಾನೇ ಸುತ್ತಿ ಇಂಚಿಂಚಾಗಿ ಇಳಿಯುತ್ತದೆ. ಕೂರಿಸಿದ ಮೇಲೆ ಇಡೀ ಕೊಳವೆಯನ್ನು ಹಿಡಿಕೆ ಸಡಿಲಿಸಿ ಇನ್ನಷ್ಟು ಮೇಲಕ್ಕೆಳೆದು ಬಿಗಿಮಾಡಿ. ಈ ಎರಡನೆಯ ಹೆಜ್ಜೆಯನ್ನೇ ಬಹಳ ಜನ ಬಿಡುವುದು.

ಕ್ಯಾರವಾನಿನ ಮೂತಿ ಎಳೆಗುಂಡಿನ ಮೇಲೆ ಹಾಕುವ ಭಾರವನ್ನೂ ನೋಡಿ. 1,400 ಕಿಲೋ ಕ್ಯಾರವಾನಿಗೆ ಅದರ ಶೇ 5ರಿಂದ 7, ಅಂದರೆ 70ರಿಂದ 98 ಕಿಲೋ ಸಾಕು. ಕಾರಿನ ಎಳೆಗುಂಡಿಗೆ ಕಂಪನಿ ಕೊಟ್ಟ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಅದೇ ಮಿತಿ. ಎರಡು ಸಿಲಿಂಡರ್ ಇರುವ ಮುಂದಿನ ಪೆಟ್ಟಿಗೆಗೇ 20 ಕಿಲೋ ಸೋನಾ ಮಸೂರಿ ಚೀಲವನ್ನೂ ತುರುಕಿದರೆ ಕಾರಿನ ಬೆನ್ನು ಕುಸಿದು ಎಳೆಗುಂಡು ಇನ್ನೂ ಎರಡಿಂಚು ಕೆಳಗೆ. ಅಕ್ಕಿ ಚೀಲ ಕ್ಯಾರವಾನಿನ ಚಕ್ರದ ನೇರಕ್ಕೆ, ನೆಲದ ಮೇಲೆ ಇರಬೇಕು.

ಹಲಗೆಯ ಇಳಿಜಾರು ಸಮುದ್ರದ ಏರಿಳಿತಕ್ಕೆ ತಕ್ಕಂತೆ ಬದಲಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ಇಳಿತ ಅತಿ ಹೆಚ್ಚು. ಗೋಡೆಯ ಕ್ಯಾಲೆಂಡರ್ ನೋಡಿದರೆ ಅಂದಾಜು ಸಿಗುತ್ತದೆ, ಖಚಿತ ಸಮಯಕ್ಕೆ ಓಬನ್‌ನ ಉಬ್ಬರವಿಳಿತದ ಪಟ್ಟಿ ನೋಡಿ. ಆ ದಿನ ಹಲಗೆಗೆ ಓರೆಯಾಗಿ ಹೋಗದೆ ನೇರಕ್ಕೆ ಹೋಗಿ, ಮುಂದಿನ ಗಾಡಿ ಪೂರ್ತಿ ಒಳಗೆ ಹೋಗುವವರೆಗೆ ಕೆಳಗೇ ನಿಲ್ಲಿ. ಕಿಟಕಿ ಇಳಿಸಿಕೊಂಡಿರಿ, ಉಜ್ಜುವ ಸದ್ದು ಮೊದಲು ಕಿವಿಗೇ ಗೊತ್ತಾಗುತ್ತದೆ.

ಪ್ರಶ್ನೆ: ಫೆರಿಯಲ್ಲಿ ಗ್ಯಾಸ್ ಬಂದ್ ಮಾಡಿ ಅನ್ನುತ್ತಾರೆ. ಒಲೆಯ ನಾಬ್ ತಿರುಗಿಸಿದರೆ ಸಾಲದೆ? ಫ್ರಿಜ್‌ನಲ್ಲಿ ಹಾಲು ಮೊಸರು ಇರುತ್ತಲ್ಲ. – ಓದುಗರು, ಸ್ವಿಂಡನ್

ಉತ್ತರ: ಸಾಲದು. ಸಿಲಿಂಡರಿನ ತಲೆಯಲ್ಲಿರುವ ವಾಲ್ವನ್ನೇ ಮುಚ್ಚಬೇಕು. ಈಗಿನ ಹಲವು ಕ್ಯಾರವಾನ್ ಫ್ರಿಜ್‌ಗಳು ಶಕ್ತಿಯ ಮೂಲವನ್ನು ತಾವೇ ಆರಿಸಿಕೊಳ್ಳುತ್ತವೆ. ಎಂಜಿನ್ ನಿಂತು ಕಾರಿನ 12 ವೋಲ್ಟ್ ಕಡಿದ ಸ್ವಲ್ಪ ಹೊತ್ತಿಗೆ ಫ್ರಿಜ್ ಗ್ಯಾಸಿಗೆ ಹೊರಳಿ ತಾನೇ ಕಿಡಿ ಹೊತ್ತಿಸುತ್ತದೆ, ಅದೂ ಸುತ್ತ ಪೆಟ್ರೋಲ್ ಟ್ಯಾಂಕುಗಳಿರುವ ಮುಚ್ಚಿದ ಡೆಕ್ಕಿನಲ್ಲಿ. ಹಾಗಾಗಿ ವಾಲ್ವೂ ಬಂದ್, ಫ್ರಿಜ್ಜೂ ಬಂದ್, ಸಾಲಿನಲ್ಲಿ ನಿಂತಾಗಲೇ. ಓಬನ್‌ನಿಂದ ಮಲ್‌ನ ಬಂದರು ಕ್ರೆಗ್‌ನ್ಯೂರ್‌ಗೆ ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ. ರಾತ್ರಿಯಿಡೀ ಕರೆಂಟಿನಲ್ಲಿ ತಣ್ಣಗಾದ ಫ್ರಿಜ್‌ನ ಬಾಗಿಲು ತೆಗೆಯದಿದ್ದರೆ ಮೊಸರಿಗೆ ಏನೂ ಆಗುವುದಿಲ್ಲ. ಅಲ್ಲಾಪುಲ್‌ನಿಂದ ಸ್ಟೋರ್ನೊವೇಗೆ ಎರಡೂವರೆ ಗಂಟೆ ದಾಟುತ್ತದೆ, ಅಲ್ಲಿಗೆ ಹೋಗುವವರು ಹೆಪ್ಪುಗಟ್ಟಿಸಿದ ಎರಡು ನೀರಿನ ಬಾಟಲಿ ಒಳಗಿಟ್ಟಿರಲಿ.

ಕಾರಿನ ಅಲಾರಂನಲ್ಲಿ ಅಲುಗಾಟ ಹಿಡಿಯುವ ಸೆನ್ಸರ್ ಇದ್ದರೆ ಅದನ್ನೂ ಆರಿಸಿ. ಪ್ರಯಾಣದ ನಡುವೆ ಡೆಕ್ಕಿಗೆ ಇಳಿಯಲು ಬಿಡುವುದಿಲ್ಲ. ಅದು ಕೂಗಿಕೊಂಡರೆ ಬ್ಯಾಟರಿ ಮುಗಿಯುವವರೆಗೂ ಕೂಗುತ್ತದೆ.

ಪ್ರಶ್ನೆ: ಮಿಜ್ ಎಂಬ ಕಚ್ಚುವ ಸಣ್ಣ ನೊಣದ ಕಾಟಕ್ಕೆ ಏನು ಮಾಡುವುದು? – ಓದುಗರು, ಕವೆಂಟ್ರಿ

ಉತ್ತರ: ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಗಾಳಿಯಿಲ್ಲದ ಸಂಜೆ ಮತ್ತು ಮುಂಜಾನೆ. ಗಾಳಿ ಸ್ವಲ್ಪ ಬೀಸಿದರೂ ಹಾರಲಾರವು, ಆದ್ದರಿಂದ ಮರಗಳ ಮರೆಯ ಜಾಗಕ್ಕಿಂತ ಸಮುದ್ರಕ್ಕೆ ತೆರೆದುಕೊಂಡ ಜಾಗ ಕೇಳಿ. ಬಾಗಿಲು ತೆಗೆಯುವ ಮುಂಚೆ ಒಳಗಿನ ದೀಪ ಆರಿಸಿ.

ಪ್ರಶ್ನೆ: ಗಾಳಿಗೆ ಹಡಗು ರದ್ದಾದರೆ? ಲಾಕಲಿನ್ ಕಡೆಯಿಂದ ಬುಕ್ಕಿಂಗ್ ಇಲ್ಲದೆಯೂ ಮಲ್‌ಗೆ ಹೋಗಬಹುದಂತೆ. – ಓದುಗರು, ಗ್ಲಾಸ್ಗೋ

ಉತ್ತರ: ಹೋಗಬಹುದು. ಕಾನೆಲ್‌ನಿಂದ ಎ 828ರಲ್ಲಿ ಬ್ಯಾಲಾಹುಲಿಶ್, ಅಲ್ಲಿಂದ ಎ 82ರಲ್ಲಿ ಕೊರಾನ್. ಕೊರಾನ್‌ನಲ್ಲಿ ಕಿರಿದಾದ ಕಡಲ ಕವಲನ್ನು ದಾಟಿಸುವ ಚಿಕ್ಕ ಫೆರಿ ಇದೆ. 2025ರಲ್ಲಿ ಸೇತುವೆ ಆಗುವವರೆಗೆ ಸಿಗಂದೂರಿಗೆ ಶರಾವತಿ ಹಿನ್ನೀರಿನಲ್ಲಿ ಓಡುತ್ತಿದ್ದ ಲಾಂಚಿನ ಹಾಗೆ, ಬಂದವರು ಸಾಲಿನಲ್ಲಿ ನಿಂತು ಸರದಿಯಂತೆ ಹತ್ತಬೇಕು. ಆಚೆ ದಡದಿಂದ ಲಾಕಲಿನ್‌ಗೆ ಮೂವತ್ತು ಮೈಲಿ ಸುಮಾರು, ಬಹುಪಾಲು ಒಂದೇ ಗಾಡಿಯ ಅಗಲದ ರಸ್ತೆ. ಅಲ್ಲಿಂದ ಮಲ್‌ನ ಫಿಶ್ನಿಶ್‌ಗೆ ಇನ್ನೊಂದು ಫೆರಿ, ಇಪ್ಪತ್ತು ನಿಮಿಷದೊಳಗೆ. ಕಡಲು ಅಲ್ಲಿ ಬೆಟ್ಟಗಳ ಮರೆಯಲ್ಲಿರುವುದರಿಂದ ಓಬನ್ ಹಡಗು ನಿಂತ ದಿನವೂ ಅದು ಓಡುವುದುಂಟು.

ಆದರೆ ಕ್ಯಾರವಾನ್ ಜೊತೆಗಿದ್ದರೆ ಇದನ್ನು ಮೊದಲ ಉಪಾಯ ಮಾಡಿಕೊಳ್ಳಬೇಡಿ. ಆ ರಸ್ತೆಯಲ್ಲಿ ಪಕ್ಕಕ್ಕೆ ಸರಿಯುವ ಜಾಗಗಳು ಒಂದು ಕಾರಿಗೆ ಅಂತ ಮಾಡಿದವು, 12 ಮೀಟರ್ ಎಲ್ಲದರಲ್ಲೂ ಹಿಡಿಸುವುದಿಲ್ಲ. ಓಬನ್ ರದ್ದಾದ ದಿನ ಎಲ್ಲರೂ ಅಲ್ಲಿಗೇ ಓಡುತ್ತಾರೆ, ಚಿಕ್ಕ ಹಡಗಿನಲ್ಲಿ ನಿಮ್ಮೊಬ್ಬರ ಜಾಗಕ್ಕೆ ಎರಡು ಮೂರು ಕಾರು ಹೋಗುತ್ತವೆ. ಎರಡು ಫೆರಿಗಳೂ ಅವತ್ತು ಓಡುತ್ತಿವೆಯೇ ಎಂದು ಖಾತ್ರಿ ಮಾಡಿಕೊಳ್ಳದೆ ಹೊರಡಲೂಬಾರದು.

ಕ್ಯಾಂಪ್‌ಸೈಟಿನಲ್ಲಿ ಬುಕ್ ಮಾಡುವಾಗಲೇ ಎರಡನೆಯ ರಾತ್ರಿ ಜಾಗ ಸಿಗುತ್ತದೆಯೇ, ಎಷ್ಟು ಹೊತ್ತಿನೊಳಗೆ ಹೇಳಬೇಕು ಎಂದು ಕೇಳಿಟ್ಟುಕೊಳ್ಳಿ. ಟಿಕೆಟ್ ಮಾಡುವಾಗ ಕೊಡುವ ಮೊಬೈಲ್ ನಂಬರ್ ಗಾಡಿ ಓಡಿಸುವವರದ್ದೇ ಇರಲಿ, ರದ್ದಾದ ಸಂದೇಶ ಅದಕ್ಕೇ ಬರುವುದು. ಹಿಂದಿನ ಸಂಜೆ ಒಮ್ಮೆ, ಎದ್ದ ಕೂಡಲೇ ಒಮ್ಮೆ ಕ್ಯಾಲ್‌ಮ್ಯಾಕ್‌ನ ಸ್ಥಿತಿ ನೋಡಿ. ರದ್ದು ಅಂತಿದ್ದರೆ ಕರೆಂಟ್ ಕೇಬಲ್ ಕೀಳುವ ಮೊದಲೇ ಅವರಿಗೆ ಫೋನ್ ಮಾಡಿ ಮುಂದಿನ ಹಡಗಿಗೆ ಹಾಕಿಸಿಕೊಳ್ಳಿ; ಬಂದರಿಗೆ ಹೋಗಿ ಕೇಳುತ್ತೇನೆಂದು ಹೊರಟವರಿಗೆ ಹಿಂದಿರುಗುವಷ್ಟರಲ್ಲಿ ಇದ್ದ ಜಾಗವೂ ಇರುವುದಿಲ್ಲ.

ಪ್ರಶ್ನೆ: ಕ್ಯಾರವಾನನ್ನು ಮಲ್ ಪಕ್ಕದ ಅಯೋನಾ ದ್ವೀಪಕ್ಕೂ ಒಯ್ಯಬಹುದೇ? – ಓದುಗರು, ಮ್ಯಾಂಚೆಸ್ಟರ್

ಉತ್ತರ: ಇಲ್ಲ. ಪ್ರವಾಸಿಗರ ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. ಕ್ಯಾರವಾನನ್ನು ಕ್ರೆಗ್‌ನ್ಯೂರ್ ಹತ್ತಿರದ ಕ್ಯಾಂಪ್‌ಸೈಟಿನಲ್ಲೇ ಬಿಟ್ಟು, ಬರೀ ಕಾರಿನಲ್ಲಿ ಫಿಯನ್‌ಫರ್ಟ್‌ಗೆ ಹೋಗಿ. 37 ಮೈಲಿಗೆ ಒಂದೂಕಾಲು ಗಂಟೆ ಹಿಡಿಯುತ್ತದೆ. ಕಾರನ್ನು ಅಲ್ಲಿ ನಿಲ್ಲಿಸಿ ನಡೆದು ಹಡಗು ಹತ್ತಿ.